ಎರಡು ಮುಳ್ಳು, ಒಂದೇ ಉಸಿರು

“ಮುಸುಕು ಮುಟ್ಟಬೇಡಿ ಮೇಡಂ. ಹೊರಗೆ ನೋಡೋಕೆ ನಾನಿದೀನಿ. ನೀವು ಮೀಟರ್ ನೋಡಿ, ಮಗ್ಗಿ ಹೇಳಿ.”

ಇನ್‌ಸ್ಪೆಕ್ಟರ್ ಎತ್ತಿದ ಕೈಯನ್ನು ಮತ್ತೆ ಹಿಡಿಕೆಗೆ ತಂದಳು. ಹಣೆಗೆ ಬಿಗಿದಿದ್ದ ಉದ್ದ ಮೂತಿಯ ಪ್ಲಾಸ್ಟಿಕ್ ಟೋಪಿ ಗಾಣದೆತ್ತಿನ ಕಣ್ಣುಪಟ್ಟಿಯ ಹಾಗಿತ್ತು. ಕಿಟಕಿ ಇಲ್ಲ, ಆಕಾಶ ಇಲ್ಲ, ನೆಲ ಇಲ್ಲ. ಎದುರಿಗೆ ಒಂದು ಕಪ್ಪು ಹಲಗೆ, ಹಲಗೆಯಲ್ಲಿ ದುಂಡನೆಯ ಮೀಟರುಗಳು. ಈ ಪುಟ್ಟ ವಿಮಾನದಲ್ಲಿ ಅವಳ ಪಾಲಿಗೆ ಉಳಿದ ಲೋಕ ಅಷ್ಟೇ.

“ಎತ್ತರ ಮೂರು ಸಾವಿರದ ಆರುನೂರು. ವೇಗ ತೊಂಬತ್ತು. ದಿಗಂತ ನೆಟ್ಟಗೆ. ದಿಕ್ಕು ಉತ್ತರ. ತಿರುವಿಲ್ಲ.”

“ಮತ್ತೆ.”

“ಈಗ ತಾನೇ ಹೇಳಿದ್ನಲ್ಲ ಸಾರ್.”

“ಮಗ್ಗಿ ನಿಂತ್ರೆ ವಿಮಾನ ನಿಂತ ಹಾಗೆ. ನಮ್ಮ ಶಾಲೇಲಿ ಕಲಿತೋರು ನಿದ್ದೇಲೂ ಮಗ್ಗಿ ಹೇಳ್ತಾರೆ. ಮದುವೆಯಾದ ಮೇಲೆ ಹೆಂಡ್ತೀರು ಬಂದು ನನ್ನ ಹತ್ರ ದೂರು ಕೊಡ್ತಾರೆ.”

ಬಲಗಡೆ ಸೀಟಿನಲ್ಲಿ ಕುಳಿತಿದ್ದವರು ವಿಮಾನ ಶಾಲೆಯ ಮುಖ್ಯಸ್ಥರು. ಎಲ್ಲರ ಬಾಯಲ್ಲೂ ದೊಡ್ಡ ಸಾರ್. ಕಣ್ಣು ಮುಚ್ಚಿ ಇಳಿಸಬಲ್ಲರು ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ಮೀಟರುಗಳನ್ನು ಗಟ್ಟಿಯಾಗಿ ಓದಿ ಒಪ್ಪಿಸುವ ಈ ಪದ್ಧತಿ ಬೇರೆ ಯಾವ ಶಾಲೆಯಲ್ಲೂ ಇರಲಿಲ್ಲ. ಅದರಿಂದಲೇ ಅವರಿಗೆ ಹೆಸರು ಬಂದಿತ್ತು.

ಪುಟ್ಟಿ ಅಂತ ಇಡೀ ಶಾಲೆ ಕರೆಯುತ್ತಿದ್ದ ಹುಡುಗಿ ಇದೇ ಪಾಠ ಕಲಿತು, ಒಬ್ಬಳೇ ಮೋಡದೊಳಗೆ ಹೋಗಿ, ಸುರುಳಿ ಸುತ್ತಿಕೊಂಡು ಕಲ್ಲುಕ್ವಾರಿಗೆ ಬಿದ್ದು ಸತ್ತಿದ್ದಳು. ಆ ವಿಮಾನವನ್ನು ಅವಳಿಗಿಂತ ಮುಂಚೆ ಹಾರಿಸಿದ್ದ ಕಿರಿಯ ಶಿಕ್ಷಕ ಲಾಕಪ್ಪಿನಲ್ಲಿದ್ದ. ಒಣಗಿದ ಕಡ್ಡಿಯಂಥ ಮೈ, ಅಡ್ಡಹೆಸರೂ ಕಡ್ಡಿ. ಅವನನ್ನು ಹಿಡಿದು ಹಾಕಿದ್ದು ಇನ್‌ಸ್ಪೆಕ್ಟರೇ. ನಾಳೆ ಅವನ ಮೇಲೆ ಕೊಲೆ ಆರೋಪ ಹೊರಿಸಬೇಕು.

ಠಾಣೆಯಲ್ಲಿ ಅವಳಿಗೆ ಮುಂಗುಸಿ ಅಂತ ಹೆಸರು. ಕಚ್ಚಿದರೆ ಬಿಡುವವಳಲ್ಲ. ಆದರೆ ಈ ಸಲ ಕಚ್ಚಿದ್ದು ಹಾವನ್ನೋ ಹಗ್ಗವನ್ನೋ ಎಂಬ ಅನುಮಾನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅದಕ್ಕೇ ಪುಟ್ಟಿ ಕಂಡದ್ದನ್ನು ತಾನೂ ಕಾಣಬೇಕು ಎಂದು ಹಟ ಹಿಡಿದು ಮೇಲೆ ಬಂದಿದ್ದಳು.

“ಸಾರ್, ಆ ರಬ್ಬರ್ ಮುಚ್ಚಳದ ವಿಷಯ ಇನ್ನೊಂದ್ಸಲ ಹೇಳಿ.”

“ಎಷ್ಟು ಸಲ ಹೇಳ್ಲಿ? ಒಂದು ಮೀಟರ್ ಕೆಟ್ಟೋಯ್ತು ಅಂದ್ರೆ ಅದರ ಮುಖಕ್ಕೆ ಮುಚ್ಚಳ ಅಂಟಿಸ್ಬೇಕು. ಸುಳ್ಳು ಕಣ್ಣೆದುರಿಗೆ ಕೂತಿದ್ರೆ ಮನಸ್ಸು ಅದನ್ನೇ ನಂಬುತ್ತೆ. ಕೆಟ್ಟ ನೆಂಟನ್ನ ಬಾಗಿಲಾಚೆ ಇಟ್ಟ ಹಾಗೆ.”

“ಪುಟ್ಟಿ ಮುಚ್ಚಿದ್ದು ತಿರುವಿನ ಮೀಟರನ್ನ. ಅದು ಕೆಟ್ಟಿರಲಿಲ್ಲ. ನಮ್ಮ ತಜ್ಞರು ಬಿಚ್ಚಿ ನೋಡಿದಾರೆ, ವಿಮಾನ ನೆಲಕ್ಕೆ ಬಡಿಯೋವರೆಗೂ ಅದು ಸರಿಯಾಗಿ ಓಡ್ತಿತ್ತು.”

“ಪಾಪದ ಹುಡುಗಿ. ಗಾಬರಿ ಬಿದ್ಲು.”

“ಗಾಬರಿ ಬಿದ್ದೋರು ಅಷ್ಟು ನೀಟಾಗಿ ಮುಚ್ಚಳ ಅಂಟಿಸ್ತಾರಾ?”

ಇಂಜಿನ್ನಿನ ಗುರ‍್ರೆನ್ನುವ ಸದ್ದು ಕಿವಿ ತುಂಬಿತು.

“ಮೂರು ಮೀಟರ್ ಇವೆ, ವಾಲಿದೀಯಾ, ತಿರುಗ್ತಿದೀಯಾ ಅಂತ ಹೇಳೋಕೆ,” ಎಂದರು ದೊಡ್ಡ ಸಾರ್. “ದಿಗಂತ, ದಿಕ್ಕು, ತಿರುವು. ಮೂರರಲ್ಲಿ ಎರಡು ಒಂದೇ ಮಾತು ಹೇಳಿ, ಒಂದು ಬೇರೆ ಹೇಳಿದ್ರೆ ಆ ಒಂದು ಕೆಟ್ಟಿದೆ ಅಂತ ಲೆಕ್ಕ. ಅವಳು ಲೆಕ್ಕದ ಪ್ರಕಾರ ಮಾಡಿದಾಳೆ.”

“ಆ ಎರಡೂ ಕೂಡ್ಕೊಂಡು ಸುಳ್ಳು ಹೇಳಿದ್ರೆ?”

“ಹೇಳ್ತವೆ. ದಿಗಂತಕ್ಕೂ ದಿಕ್ಕಿಗೂ ಉಸಿರು ಒಂದೇ ಪಂಪಿಂದ. ಒಳಗಿನ ಬುಗುರಿಗಳು ತಿರುಗೋದು ಆ ಪಂಪಿನ ಗಾಳಿಗೆ. ಪಂಪ್ ಸತ್ರೆ ಎರಡೂ ತಕ್ಷಣ ಸಾಯಲ್ಲ. ನಿಧಾನಕ್ಕೆ ವಾಲ್ಕೊಂಡು, ಸುಳ್ಳು ಹೇಳ್ಕೊಂಡೇ ಸಾಯ್ತವೆ. ತಿರುವಿನ ಮುಳ್ಳು ಬ್ಯಾಟರಿದು, ಅದಕ್ಕೇನೂ ಆಗಲ್ಲ. ಅದಕ್ಕೇ ಮೂಲೇಲಿ ಪಂಪಿಂದೇ ಒಂದು ಚಿಕ್ಕ ಮೀಟರ್ ಇಟ್ಟಿರೋದು. ಮುಳ್ಳು ಹಸಿರು ಗೆರೆ ಬಿಟ್ಟು ಕೆಳಗಿಳಿದ್ರೆ ಎರಡನ್ನೂ ನಂಬೋ ಹಾಗಿಲ್ಲ.”

ಪುಟ್ಟಿಯ ವಿಮಾನದಲ್ಲಿ ಆ ಚಿಕ್ಕ ಮುಳ್ಳು ಹಸಿರು ಗೆರೆಯಲ್ಲೇ ನಿಂತಿತ್ತು. ಯಾರೋ ಒಂದು ಹನಿ ಅಂಟು ಹಾಕಿ ನಿಲ್ಲಿಸಿದ್ದರು. ಪಂಪಿನ ಕೊಳವೆಯನ್ನು ಸಣ್ಣಗೆ ಸೀಳಿದ್ದರು. ಇದು ಕೊಲೆ ಎಂದು ಗೊತ್ತಾದದ್ದು ಆ ಹನಿಯಿಂದ.

ಕಡ್ಡಿ ಪುಟ್ಟಿಯನ್ನು ಮದುವೆಯಾಗು ಎಂದು ಕೇಳಿದ್ದ, ಅವಳು ಆಗಲ್ಲ ಎಂದಿದ್ದಳು. ಕಾರಣ ಸಿಕ್ಕಿತು, ಅವಕಾಶ ಸಿಕ್ಕಿತು. ಉಳಿದದ್ದು ಅವನ ಮಾತೊಂದೇ. ಹ್ಯಾಂಗರಿನ ಕೈರೇಡಿಯೊದಲ್ಲಿ ಪುಟ್ಟಿಯ ಕೊನೆಯ ಮಾತು ತಾನು ಕೇಳಿದೆ ಎಂದು ಅವನು ಕಂಬಿ ಹಿಡಿದುಕೊಂಡು ಹೇಳಿದ್ದ. ‘ಎರಡು ಒಂದು ಹೇಳ್ತಿವೆ, ಇನ್ನೊಂದು ಬೇರೆ ಹೇಳ್ತಿದೆ, ಯಾವುದನ್ನ ನಂಬಲಿ ಅಕ್ಕಾ?’ ಎಂದು ಅವಳು ಕೇಳಿದಳಂತೆ. ‘ಎರಡನ್ನ ನಂಬು’ ಎಂದು ಅಕ್ಕ ಹೇಳಿದಳಂತೆ.

ಅಕ್ಕ ಅಂದರೆ ದೊಡ್ಡ ಸಾರ್ ಹೆಂಡತಿ. ಶಾಲೆಯ ರೇಡಿಯೊ ರೂಮು ಅವಳದು. ಅಂಥ ಮಾತೇ ಬರಲಿಲ್ಲ ಎಂದಳು ಅಕ್ಕ. ಬರಲಿಲ್ಲ ಎಂದರು ದೊಡ್ಡ ಸಾರ್.

ಎರಡು ಮಾತು ಒಂದು ಕಡೆ, ಒಂದು ಮಾತು ಒಂದು ಕಡೆ. ಇನ್‌ಸ್ಪೆಕ್ಟರ್ ಒಂದನ್ನು ತೆಗೆದು ಲಾಕಪ್ಪಿಗೆ ಹಾಕಿದ್ದಳು.

ಮುಚ್ಚಳವನ್ನು ತಪ್ಪು ಮೀಟರಿಗೆ ಅಂಟಿಸಿದ್ದು ಪುಟ್ಟಿ ಒಬ್ಬಳೇ ಅಲ್ಲ.

“ಸಾರ್, ಅವತ್ತು ಅವಳ ಕೊನೇ ಮಾತು ಬಂದಾಗ ನೀವು ರೇಡಿಯೊ ರೂಮಲ್ಲೇ ಇದ್ರಲ್ವಾ?”

“ನಾನಿದ್ರೇನು, ಮನೆಯವಳಿದ್ರೇನು? ಅವಳು ಕೇಳಿದ್ದು ಅಂದ್ರೆ ನಾನು ಕೇಳಿದ ಹಾಗೇನೇ.”

“ಅಂದ್ರೆ ನೀವಿರಲಿಲ್ಲ.”

“ಮಗ್ಗಿ ಹೇಳಿ ಮೇಡಂ.”

ಅವಳು ಹೇಳಲಿಲ್ಲ. ತಲೆ ಬೇರೆ ಕಡೆ ಓಡುತ್ತಿತ್ತು.

“ಮೇಡಂ, ಹೇಳಿ. ಎತ್ತರ ಎಷ್ಟು? ಎತ್ತರ ಹೇಳಿ ಅಂದೆ!”

ಆ ದನಿ ಕೇಳಿ ಇನ್‌ಸ್ಪೆಕ್ಟರ್ ಕಿವಿ ನಿಮಿರಿತು. ಪೊಲೀಸಿನವಳಿಗೆ ಸಿಟ್ಟೂ ಗೊತ್ತು, ಹೆದರಿಕೆಯೂ ಗೊತ್ತು. ಪಾಠ ಒಪ್ಪಿಸದ ಶಿಷ್ಯರ ಮೇಲೆ ಮೇಷ್ಟ್ರಿಗೆ ಬರುವುದು ಸಿಟ್ಟು. ಈ ದನಿಯಲ್ಲಿದ್ದದ್ದು ಹೆದರಿಕೆ. ಕತ್ತಲೆಯಲ್ಲಿ ಹಿಡಿದ ಕೈ ಜಾರಿದವನ ದನಿ.

ಕಡ್ಡಿ ಇನ್ನೊಂದು ಮಾತು ಹೇಳಿದ್ದ, ಅವಳು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ‘ಸಾಯೋಕೆ ಮುಂಚೆ ಒಂದು ವಾರ ಪುಟ್ಟಿ ಸಾರ್ ಜೊತೆ ಹಾರುವಾಗ ಮಗ್ಗಿ ಹೇಳೋದನ್ನ ನಿಲ್ಲಿಸಿದ್ಲು ಮೇಡಂ. ಬೇಕಂತಲೇ.’

ಇನ್‌ಸ್ಪೆಕ್ಟರ್ ಎತ್ತರದ ಮೀಟರನ್ನು ನೋಡಿದಳು. ಮೂರು ಸಾವಿರದ ಆರುನೂರು. ಮುಳ್ಳು ಅಲುಗಿರಲಿಲ್ಲ.

“ಎತ್ತರ ಎರಡು ಸಾವಿರದ ಎಂಟುನೂರು,” ಎಂದಳು ಸಲೀಸಾಗಿ.

“ಅಯ್ಯೋ, ಇಳಿದುಬಿಟ್ರಲ್ಲ! ಮುಂದೆ ಗುಡ್ಡ ಇದೆ. ಬಿಡಿ, ನಾನು ಎತ್ತುತೀನಿ.” ಅವರ ಕೈ ಅವರ ಮುಂದಿನ ಹಿಡಿಕೆಯನ್ನು ಎಳೆಯಿತು. ವಿಮಾನ ಮೂಗೆತ್ತಿ ಏರಿತು. “ಎಷ್ಟಾಯ್ತು ಹೇಳ್ತಾ ಇರಿ.”

ಮೀಟರ್ ಅವರ ಕಣ್ಣಳತೆಯಲ್ಲೇ ಇತ್ತು. ಕತ್ತು ಹೊರಳಿಸಿದರೆ ಸಾಕಿತ್ತು.

“ಮೂರು ಸಾವಿರ,” ಎಂದಳು ಅವಳು. ಮೀಟರಿನಲ್ಲಿ ಮೂರು ಸಾವಿರದ ಎಂಟುನೂರು. “ಮೂರು ಸಾವಿರದ ಇನ್ನೂರು.” ಮೀಟರಿನಲ್ಲಿ ನಾಲ್ಕು ಸಾವಿರ.

“ಶಾಬಾಸ್. ಹೀಗೇ ಹೇಳ್ತಿರಿ.”

“ಸಾರ್,” ಎಂದಳು ಇನ್‌ಸ್ಪೆಕ್ಟರ್, “ನಿಮ್ಮ ಕಣ್ಣು ಯಾವಾಗಿಂದ ಹೋಗಿದೆ?”

ವಿಮಾನ ಒಮ್ಮೆ ಕುಲುಕಿತು. ಟೋಪಿಯ ಅಂಚಿನಿಂದ ಬರುತ್ತಿದ್ದ ಬಿಸಿಲು ಯಾರೋ ಒರೆಸಿದ ಹಾಗೆ ಅಳಿಸಿಹೋಯಿತು. ಅವಳು ಮುಸುಕು ಕಿತ್ತು ಹಿಂದಕ್ಕೆಸೆದಳು.

ಹೊರಗೆ ಬಿಳುಪು. ಮುಂದೆ, ಪಕ್ಕ, ಮೇಲೆ, ಕೆಳಗೆ, ಒಂದೇ ಸಮನೆ ಬಿಳುಪು. ರೆಕ್ಕೆಯ ತುದಿ ಕೂಡ ಕಾಣುತ್ತಿರಲಿಲ್ಲ.

“ಇದೆಲ್ಲಿಗೆ ಬಂದ್ವಿ?”

“ಮೋಡದ ತಳ ನಾಲ್ಕು ಸಾವಿರದಲ್ಲಿತ್ತು,” ಎಂದರು ದೊಡ್ಡ ಸಾರ್. ಮುಖ ಬೂದಿಯಾಗಿತ್ತು. “ನೀವು ನಿಜವಾಗ್ಲೂ ಎಷ್ಟರಲ್ಲಿದ್ರಿ?”

“ಮೂರು ಸಾವಿರದ ಆರುನೂರು.”

“ನನ್ನ ಪರೀಕ್ಷೆ ಮಾಡೋಕೆ ಹೋಗಿ ಇಬ್ರನ್ನೂ ಮೋಡಕ್ಕೆ ತಂದು ಹಾಕಿದ್ರಿ. ಭೇಷ್ ಮೇಡಂ. ತನ್ನ ಮೂಗು ಕೊಯ್ಕೊಂಡು ಇನ್ನೊಬ್ಬರಿಗೆ ಶಕುನ ಕೆಡಿಸೋದು ಅಂದ್ರೆ ಇದೇ.”

ಅವಳು ಅವರ ಕಣ್ಣನ್ನು ಹತ್ತಿರದಿಂದ ನೋಡಿದಳು. ಅವು ಮೀಟರಿನ ಮೇಲಿರಲಿಲ್ಲ, ಮೀಟರಿನ ಪಕ್ಕದಲ್ಲಿದ್ದವು.

“ನಡುವೆ ಒಂದು ಮಸಿ ಬಿದ್ದಿದೆ,” ಎಂದರು. “ಸುತ್ತ ಇರೋದೆಲ್ಲ ಕಾಣುತ್ತೆ, ನೋಡಬೇಕಾದ್ದು ಮಾತ್ರ ಕಾಣಲ್ಲ. ಬಯಲಲ್ಲಿ ಹಾರಿಸ್ತೀನಿ, ಇಳಿಸ್ತೀನಿ, ಕೈಗೆ ಅಭ್ಯಾಸ ಇದೆ. ಮೋಡದೊಳಗೆ ಬಂದ್ರೆ ನಾನು ಕುರುಡ. ಅದಕ್ಕೇ ಮಗ್ಗಿ. ಜನ ಅದನ್ನ ವಿದ್ಯೆ ಅಂದ್ಕೊಂಡ್ರು. ನಾನೂ ಅಂದ್ಕೊಳ್ಳಲಿ ಅಂತ ಬಿಟ್ಟೆ.”

“ಪುಟ್ಟಿಗೆ ಗೊತ್ತಾಯ್ತು.”

“ಬಾಯಿ ಮುಚ್ಕೊಂಡು ಕೂತ್ಲು. ನನಗೆ ಬೆವರು ಕಿತ್ಕೊಂಡ್ತು. ಕೆಳಗಿಳಿದ ಮೇಲೆ ‘ಸಾರ್, ನೀವೇ ಬಿಟ್ಟುಬಿಡಿ, ಇಲ್ದಿದ್ರೆ ನಾನು ಹೇಳ್ಬೇಕಾಗುತ್ತೆ’ ಅಂದ್ಲು. ಹೆದರಿಸಲಿಲ್ಲ ಮೇಡಂ, ಅತ್ತುಕೊಂಡು ಹೇಳಿದ್ಲು. ಆಯ್ತಮ್ಮ, ನಿನ್ನ ಪರೀಕ್ಷೆ ಮುಗೀಲಿ, ಬಿಡ್ತೀನಿ ಅಂದಿದ್ದೆ. ನಾನು ಕೊಂದಿಲ್ಲ.”

“ನಿಮ್ಮ ಕಣ್ಣಿನ ವಿಷಯ ಇನ್ಯಾರಿಗೆ ಗೊತ್ತು?”

ಅವರು ಬಾಯಿ ತೆರೆದರು. ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಕಣ್ಣಿಗೆ ಹಲಗೆಯ ಮೇಲೆ ಒಂದು ಏರುಪೇರು ಬಿತ್ತು.

ದಿಗಂತದ ಮೀಟರು ನೆಟ್ಟಗಿತ್ತು. ದಿಕ್ಕಿನ ಮೀಟರು ಅಲ್ಲಾಡಿರಲಿಲ್ಲ. ತಿರುವಿನ ಮುಳ್ಳು ಮಾತ್ರ ಎಡಕ್ಕೆ ಮಲಗಿತ್ತು.

ಎರಡು ಒಂದು ಕಡೆ. ಒಂದು ಒಂದು ಕಡೆ.

“ಸಾರ್, ನಾವು ನೆಟ್ಟಗೆ ಹೋಗ್ತಿದೀವಾ?”

“ಹೌದು. ಮೈಗೆ ಗೊತ್ತಾಗುತ್ತಲ್ಲ.”

ಅವಳ ಮೈಗೂ ಹಾಗೇ ಅನ್ನಿಸುತ್ತಿತ್ತು. ಕುರ್ಚಿಯ ಮೇಲೆ ಕೂತ ಹಾಗೆ, ಸೊಂಟ ನೆಟ್ಟಗೆ, ತಲೆ ನೆಟ್ಟಗೆ. ಆದರೆ ರೆಕ್ಕೆಗೆ ಬಡಿಯುವ ಗಾಳಿಯ ಸದ್ದು ಸಣ್ಣಗೆ ಏರುತ್ತಿತ್ತು. ವೇಗದ ಮುಳ್ಳು ನೂರು ದಾಟಿತು. ಎತ್ತರದ ಮುಳ್ಳು ಹಿಂದಕ್ಕೆ ತಿರುಗತೊಡಗಿತು.

ಮೂಲೆಯ ಚಿಕ್ಕ ಮೀಟರನ್ನು ನೋಡಿದಳು. ಪಂಪಿನ ಮುಳ್ಳು ಹಸಿರು ಗೆರೆಯಲ್ಲೇ ಇತ್ತು.

ಮತ್ತೆ ನೋಡಿದಳು. ಇಂಜಿನ್ನಿನ ನಡುಕಕ್ಕೆ ಹಲಗೆಯ ಮೇಲಿನ ಪ್ರತಿ ಮುಳ್ಳೂ ಸಣ್ಣಗೆ ಕಂಪಿಸುತ್ತಿತ್ತು, ಆ ಒಂದು ಮುಳ್ಳಿನ ಹೊರತು. ಅದು ಬಣ್ಣದಲ್ಲಿ ಬರೆದ ಹಾಗೆ ಕೂತಿತ್ತು. ಉಗುರಿನಿಂದ ಗಾಜು ಕುಟ್ಟಿದಳು. ಕದಲಲಿಲ್ಲ.

“ಪಂಪ್ ಸತ್ತಿದೆ. ಮೀಟರಿಗೆ ಅಂಟು ಹಾಕಿದಾರೆ. ಪುಟ್ಟಿಗೆ ಮಾಡಿದ ಹಾಗೇ.”

“ಏನಂದ್ರಿ?”

“ನಾವು ಎಡಕ್ಕೆ ತಿರುಗ್ಕೊಂಡು ಇಳೀತಿದೀವಿ ಸಾರ್! ದಿಗಂತ ಸುಳ್ಳು ಹೇಳ್ತಿದೆ!”

ದೊಡ್ಡ ಸಾರ್ ಕುರುಡರಿರಬಹುದು, ಮೂರ್ಖರಲ್ಲ. ಪಕ್ಕದ ಜೇಬಿನಿಂದ ರಬ್ಬರ್ ಮುಚ್ಚಳಗಳನ್ನು ಎಳೆದು ಅವಳ ಕಡೆ ಎಸೆದರು. “ಎರಡನ್ನೂ ಮುಚ್ಚಿ! ದಿಗಂತ, ದಿಕ್ಕು. ಇನ್ಮೇಲೆ ತಿರುವಿನ ಮುಳ್ಳೊಂದೇ ದೇವರು. ಹಿಡಿಕೆ ನಾನು ತಿರುಗಿಸ್ತೀನಿ, ಅದು ನಡುವೆ ಬರೋವರೆಗೂ ಎಷ್ಟಿದೆ ಹೇಳ್ತಿರಿ. ಈ ಸಲ ಸುಳ್ಳು ಹೇಳಿದ್ರೆ ಇಬ್ರಿಗೂ ಒಂದೇ ಗುಂಡಿ.”

“ಎಡಕ್ಕೆ ಪೂರ್ತಿ... ಇನ್ನೂ ಎಡಕ್ಕೇ ಇದೆ... ಅರ್ಧಕ್ಕೆ ಬಂತು... ನಡುವೆ. ನಡುವೆ ಬಂತು ಸಾರ್.”

“ವೇಗ?”

“ನೂರಾ ಮೂವತ್ತು... ನೂರಾ ಹತ್ತು... ನೂರು.”

“ಎತ್ತರ?”

“ಮೂರು ಸಾವಿರದ ಇನ್ನೂರು. ನಿಂತಿದೆ.”

“ಇನ್ನೂ ಮೋಡದಲ್ಲೇ ಇದೀವಾ?”

“ಹೌದು.”

“ಗುಡ್ಡದ ಮೈಗೆ ಮೋಡ ಕೆಳಗೇ ಹಬ್ಕೊಂಡಿರುತ್ತೆ. ಸುಮ್ನೆ ಇಳಿಯೋ ಹಾಗಿಲ್ಲ.” ಅವರ ಉಸಿರು ಕೇಳಿಸುವಷ್ಟು ಜೋರಾಗಿತ್ತು. ಕೈ ಮಾತ್ರ ಹಿಡಿಕೆಯ ಮೇಲೆ ಮಗುವಿನ ತೊಟ್ಟಿಲು ಹಿಡಿದ ಹಾಗೆ ಹಗುರವಾಗಿತ್ತು. ತಮ್ಮಷ್ಟಕ್ಕೆ ಎಂಬಂತೆ ಕೇಳಿದರು, “ಈ ವಿಮಾನಕ್ಕೆ ಯಾರು ಕೈ ಹಾಕಿದ್ರು? ಕಡ್ಡಿ ಲಾಕಪ್ಪಲ್ಲಿದಾನೆ.”

ಅದೇ ಪ್ರಶ್ನೆ ಅವಳ ಗಂಟಲಲ್ಲೂ ಇತ್ತು. ಕಡ್ಡಿ ಬೀಗದೊಳಗಿದ್ದಾಗಲೇ ಇನ್ನೊಂದು ಹನಿ ಅಂಟು ಬಿದ್ದಿತ್ತು. ನಾಳೆ ಅವನನ್ನು ಬಿಡಿಸಲು ಅಷ್ಟೇ ಸಾಕು. ಅದನ್ನು ಹೇಳಲು ಅವಳು ಜೀವಸಹಿತ ಕೆಳಗಿಳಿಯಬೇಕು.

“ಈ ವಿಮಾನದ ಕೀಲಿ ಎಲ್ಲಿರುತ್ತೆ?”

“ರೇಡಿಯೊ ರೂಮಲ್ಲಿ.”

“ನನ್ನನ್ನ ಇದರಲ್ಲೇ ಕಳಿಸ್ಬೇಕು ಅಂತ ಯಾರು ಹೇಳಿದ್ದು?”

“ಮನೆಯವಳು. ಇದು ಚೆನ್ನಾಗಿದೆ, ಆ ಹೊಸ ಶಿಕ್ಷಕನ್ನ ಜೊತೆಗೆ ಹಾಕಿ ಕಳಿಸಿ, ಮೇಡಂಗೆ ಬೇಕಾದ್ರೆ ನಿಜವಾದ ಮೋಡಾನೇ ತೋರಿಸ್ಕೊಂಡು ಬರ್ಲಿ ಅಂದ್ಲು. ಅವನು ಮೇಲೆ ಕೂತು ನಿಮ್ಮ ಹತ್ರ ಏನೇನು ಒದರ್ತಾನೋ ಅಂತ ನನಗೆ ಪುಕಪುಕ. ಕೊನೇ ಗಳಿಗೇಲಿ ಅವನನ್ನ ಇಳಿಸಿ ನಾನೇ ಹತ್ತಿದೆ.”

“ಅದು ಅಕ್ಕನಿಗೆ ಗೊತ್ತಾ?”

ಒಲೆಯ ಮೇಲೆ ಹಾಲಿಟ್ಟು ಮರೆತದ್ದು ನೆನಪಾದವರ ಮುಖದಲ್ಲಿ ಕಾಣುವಂಥ ಬದಲಾವಣೆ ದೊಡ್ಡ ಸಾರ್ ಮುಖದಲ್ಲಿ ನಿಧಾನವಾಗಿ ಆಯಿತು. ಅವರ ಕಣ್ಣಿನ ವಿಷಯ ಗೊತ್ತಿದ್ದ ಇನ್ನೊಬ್ಬರು ಯಾರೆಂದು ಇನ್‌ಸ್ಪೆಕ್ಟರ್ ಮತ್ತೆ ಕೇಳಬೇಕಾಗಲಿಲ್ಲ.

ಅವಳು ರೇಡಿಯೊದ ಗುಂಡಿ ಒತ್ತಿದಳು. ಏರುವಾಗ ಹೇಳಬೇಕಾದ ನಾಲ್ಕು ಮಾತನ್ನು ಶಿಷ್ಯರೇ ಹೇಳುವುದು ಶಾಲೆಯ ರೂಢಿ. ಅವಳೇ ಹೇಳಿದ್ದಳು. ದೊಡ್ಡ ಸಾರ್ ದನಿ ಕೆಳಗೆ ಕೇಳಿರಲೇ ಇಲ್ಲ.

“ರೇಡಿಯೊ ರೂಮ್, ನಾವು ಮೋಡದಲ್ಲಿ ಸಿಕ್ಕಿಕೊಂಡಿದೀವಿ. ಹೊರಗೆ ಬರೋಕೆ ದಾರಿ ಹೇಳಿ.”

“ಮೋಡ ತಾನೇ ನೀವು ನೋಡ್ಬೇಕು ಅಂದಿದ್ದು ಮೇಡಂ?” ಅಕ್ಕನ ದನಿ. ಮಧ್ಯಾಹ್ನದ ಹೊತ್ತು ಬಾಗಿಲಲ್ಲಿ ನಿಂತು ಮಾತಾಡಿಸುವ ನೆರೆಮನೆಯವಳ ಹಾಗೆ ಮೆತ್ತಗಿತ್ತು. “ಗಾಬರಿ ಬೀಳ್ಬೇಡಿ. ದಿಗಂತ ನೋಡ್ಕೊಂಡು ನೆಟ್ಟಗೆ ಹೋಗಿ. ಪಕ್ಕದಲ್ಲಿ ಶಿಕ್ಷಕರಿದಾರಲ್ಲ.”

ದೊಡ್ಡ ಸಾರ್ ಬಾಗಿ ತಾವೇ ಗುಂಡಿ ಒತ್ತಿದರು. “ನಾನು ಕಣೇ.”

ರೇಡಿಯೊ ಸತ್ತಂತಾಯಿತು. ಕರಕರ ಸದ್ದು ಬಿಟ್ಟು ಏನೂ ಇಲ್ಲ.

“ನೀವ್ಯಾಕ್ರೀ ಅಲ್ಲಿದೀರಿ?”

ಆ ಮೆತ್ತನೆಯ ದನಿ ಹರಿದು ಚೂರಾಗಿತ್ತು.

“ಯಾರು ಹತ್ತು ಅಂದ್ರು ನಿಮಗೆ? ಆ ಹುಡುಗ ಎಲ್ಲಿ? ರೀ, ಕೇಳಿಸ್ಕೊಳ್ಳಿ. ಆ ದಿಗಂತ ನಂಬಬೇಡಿ. ದಿಕ್ಕೂ ನಂಬಬೇಡಿ, ಎರಡೂ ಕೆಟ್ಟಿವೆ, ತಿರುವಿನ ಮುಳ್ಳೊಂದೇ ಸರಿ ಇರೋದು, ಮೇಡಂ ಕೈಲಿ ಅದನ್ನ ಓದ್ಸಿ...”

ಮೀಟರು ಕೆಟ್ಟ ವಿಷಯವನ್ನು ಇನ್‌ಸ್ಪೆಕ್ಟರ್ ರೇಡಿಯೊದಲ್ಲಿ ಹೇಳಿರಲಿಲ್ಲ. ದೊಡ್ಡ ಸಾರೂ ಹೇಳಿರಲಿಲ್ಲ.

ಅದು ಅವರಿಗೂ ಹೊಳೆದಿತ್ತು. ಅವರ ಬಲಗೈ ಹಲಗೆಯ ಮೇಲೆ ತಡಕಾಡಿ ರೇಡಿಯೊದ ತಿರುಪನ್ನು ಹುಡುಕಿತು. ಟಕ್ ಎಂದಿತು. ಅಕ್ಕನ ಮಾತು ಅರ್ಧಕ್ಕೆ ಕತ್ತರಿಸಿಹೋಯಿತು. ಅವರು ಅಷ್ಟಕ್ಕೇ ಬಿಡಲಿಲ್ಲ, ಹಿಡಿದು ಜಗ್ಗಿದರು. ತಿರುಪು ಒಳಗಿನ ಸರಳಿನ ಸಮೇತ ಅವರ ಅಂಗೈಗೆ ಕಿತ್ತು ಬಂತು.

“ಏನ್ಮಾಡಿದ್ರಿ? ಸಾರ್, ಏನ್ಮಾಡಿದ್ರಿ ನೀವು?”

“ಅವಳು ಏನೂ ಹೇಳಲಿಲ್ಲ ಮೇಡಂ.”

“ಅವರು ನಮ್ಮನ್ನ ಉಳಿಸೋಕೆ ನೋಡ್ತಿದ್ರು!”

“ನನ್ನನ್ನ ಉಳಿಸೋಕೆ. ನನಗೋಸ್ಕರ ಅವಳು ಒಂದು ಹುಡುಗೀನ ಕೊಂದಿದಾಳೆ.” ಅವರ ದನಿ ತಣ್ಣಗಿತ್ತು. ಪಾಠ ಹೇಳುವಾಗಿನ ದನಿ. “ನಾನು ಕೆಳಗಿಳಿದ್ರೆ ನೀವೂ ಇಳೀತೀರಿ. ನೀವಿಳಿದ್ರೆ ಅವಳು ಉಳಿಯಲ್ಲ. ಅವಳು ಹೇಳಿದ್ದನ್ನ ಕೇಳಿದೋರು ನಾವಿಬ್ರೇ.”

“ಕಡ್ಡಿ ಏನ್ ಮಾಡಿದಾನೆ ಸಾರ್? ಅವನನ್ನ ನೇಣಿಗೆ ಕೊಡ್ತೀರಾ?”

ದೊಡ್ಡ ಸಾರ್ ಕಣ್ಣು ಮುಚ್ಚಿದರು. ಒಂದು ಗಳಿಗೆ ಅವರು ಸೋಲುತ್ತಾರೆ ಎನ್ನಿಸಿತು.

ಆಮೇಲೆ ಹಿಡಿಕೆಯಿಂದ ಎಡಗೈ ತೆಗೆದರು. ಬಲಗೈಯನ್ನೂ ತೆಗೆದರು. ಪೆಡಲಿನ ಮೇಲಿಂದ ಕಾಲುಗಳನ್ನು ಹಿಂದಕ್ಕೆಳೆದು ಸೀಟಿನ ಕೆಳಗೆ ಮಡಿಸಿಕೊಂಡರು.

ವಿಮಾನ ಬಲಕ್ಕೆ ವಾಲತೊಡಗಿತು. ಇನ್‌ಸ್ಪೆಕ್ಟರ್ ತನ್ನ ಹಿಡಿಕೆಯನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಳು. ಅದು ಅವಳ ಕೈಯಲ್ಲಿ ಮೊಂಡು ದನದ ಕೊಂಬಿನ ಹಾಗೆ ಒದ್ದಾಡಿತು. ಎಷ್ಟು ಎಳೆಯಬೇಕು, ಯಾವ ಕಡೆ ಎಳೆಯಬೇಕು, ಯಾರೂ ಹೇಳುವವರಿರಲಿಲ್ಲ.